ಕೆಂಚಿ



ರೇಡಿಯೋದಲ್ಲಿ ಮಾತಾಡುವುದರಲ್ಲಿ ಒಂದು ಅನುಕೂಲವಿದೆ: ನನ್ನ ತಲೆ ನಿಮಗೆ ಕಾಣುವುದಿಲ್ಲ. ಕಂಡಿದ್ದರೆ ನಿಮ್ಮಲ್ಲಿ ಕೆಲವರಾದರೂ, "65 ದಾಟಿದ ಮೇಲೆ ಈಯಮ್ಮನಿಗೆ ಈ ಬಣ್ಣ ಯಾಕೆ ಬೇಕಿತ್ತು" ಅಂತ ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದಿರಿ. ಬಣ್ಣ ನಾನು ಹಾಕಿಸಿಕೊಂಡದ್ದಲ್ಲ. ನನ್ನದು ಹುಟ್ಟು ಕೆಂಚುಗೂದಲು. ನೆರಳಲ್ಲಿ ನಿಂತರೆ ಕಂದು. ಬಿಸಿಲಿಗೆ ಬಂದರೆ ಹುಣಿಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬು. ಈಗ ಅರ್ಧಕ್ಕರ್ಧ ನರೆತಿದೆ. ನರೆತದ್ದಕ್ಕೆ ಮದರಂಗಿ ಹಚ್ಚುತ್ತೇನೆ, ಅದು ಮೊದಲಿಗಿಂತ ಕೆಂಪಾಗಿ ಕೂರುತ್ತದೆ. ಮಗಳು, "ಅಮ್ಮ, ಕಪ್ಪು ಡೈ ಹಚ್ಚಿಕೋ, ಒಂದು ಸಲ ಹಚ್ಚಿದರೆ ತಿಂಗಳು ನಿಶ್ಚಿಂತೆ" ಅನ್ನುತ್ತಾಳೆ. ನನಗೆ ಕಪ್ಪಿನ ಜೊತೆ ಹಳೇ ಜಗಳ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ನಾನಿರುವುದು ತಣಿಸಂದ್ರದಲ್ಲಿ. ಬೊಮ್ಮಸಂದ್ರ, ಸಿಂಗಸಂದ್ರ ಅಂತ ಬೆಂಗಳೂರಿನ ಸುತ್ತ ಇರುವ ಸಂದ್ರಗಳೆಲ್ಲ ಸಮುದ್ರಗಳೇ; ಕೆರೆಯನ್ನು ನಮ್ಮ ಹಿರಿಯರು ಸಮುದ್ರ ಅಂತ ಕರೆದು ಸಮಾಧಾನಪಟ್ಟರು. ನಾನು ಮದುವೆಯಾಗಿ ಬಂದಾಗ ಇದು ರಾಗಿ ಹೊಲದ ನಡುವಿನ ಹಳ್ಳಿ. ಈಗ ನಾಗವಾರದಿಂದ ಹೊರಟರೆ ರಸ್ತೆಯ ಎರಡೂ ಬದಿ ಅಪಾರ್ಟ್‌ಮೆಂಟು, ಹಿಂದೆ ಮಾನ್ಯತಾ ಟೆಕ್ ಪಾರ್ಕು, ಪಕ್ಕದಲ್ಲಿ ಬೇಲಿ ಹಾಕಿಸಿಕೊಂಡ ರಾಚೇನಹಳ್ಳಿ ಕೆರೆ. ಆ ಕೆರೆಯಲ್ಲಿ ಬೇಸಿಗೆಯೆಲ್ಲಾ ಈಜುಬಿದ್ದ ಹುಡುಗರ ತಲೆ ಜೂನ್ ಹೊತ್ತಿಗೆ ಕೆಂಚಗಾಗಿರುತ್ತಿತ್ತು. ಬಿಸಿಲಿಗೆ ಕೂದಲಿನ ಕಪ್ಪು ಕಂದುತ್ತದೆ, ಕೆಂಪು ಉಳಿಯುತ್ತದೆ. ಶಾಲೆ ಶುರುವಾದಾಗ ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ನನಗೆ ನಾಲ್ಕೈದು ಜನ ನೆಂಟರು ಸಿಗುತ್ತಿದ್ದರು ಅಂತಿಟ್ಟುಕೊಳ್ಳಿ.

ಹುಡುಗಿಯಾಗಿದ್ದಾಗ ನನ್ನ ಹೆಸರು ಯಾರೂ ಕರೆಯುತ್ತಿರಲಿಲ್ಲ. ಕೆಂಚಿ. ಹಾಲು ಹಾಕುವವನಿಗೂ ಕೆಂಚಿ, ಮೇಷ್ಟರಿಗೂ ಕೆಂಚಿ. ಜಗಳ ಬಂದರೆ ಅದರ ಹಿಂದೆ "ಬೆಕ್ಕು" ಅಂತ ಒಂದು ಬಾಲ. ಅತ್ತುಕೊಂಡು ಮನೆಗೆ ಬಂದರೆ ಅಜ್ಜಿ, "ಯಾಕಮ್ಮಿ ಅಳ್ತೀಯ, ಕೆಂಚಮ್ಮ ಅಂದ್ರೆ ದೇವ್ರ ಹೆಸ್ರಲ್ವ" ಅನ್ನುತ್ತಿದ್ದಳು. ಆಗ ಅದು ಸಮಾಧಾನಕ್ಕೆ ಹೇಳುವ ಮಾತು ಅಂದುಕೊಂಡಿದ್ದೆ. ಅಜ್ಜಿ ಹೇಳಿದ್ದು ನಿಜ. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಊರಿನ ಹೆಸರೇ ಕೆಂಚಮ್ಮನ ಹೊಸಕೋಟೆ. ನಮ್ಮ ಹಳ್ಳಿಗಳಲ್ಲಿ ಕರಿಯಪ್ಪ ಇದ್ದಲ್ಲಿ ಕೆಂಚಪ್ಪ ಇದ್ದಾನೆ, ಕರಿಯಮ್ಮ ಇದ್ದಲ್ಲಿ ಕೆಂಚಮ್ಮ, ಕೆಂಪಮ್ಮ ಇದ್ದಾರೆ. ಜೋಡಿ ಎತ್ತಿಗೂ ಕರಿಯ, ಕೆಂಚ ಅಂತಲೇ ಹೆಸರಿಟ್ಟು ನೊಗ ಹೂಡುತ್ತಿದ್ದರು. ಒಂದು ಮೇಲು, ಇನ್ನೊಂದು ಕೀಳು ಅಂತ ನೊಗಕ್ಕೆ ಗೊತ್ತಿರಲಿಲ್ಲ.

ಅಷ್ಟು ದೂರ ಯಾಕೆ? ನಮ್ಮ ಯಲಹಂಕ ನಾಡಪ್ರಭುಗಳ ಮನೆತನವನ್ನೇ ನೋಡಿ. ಅಪ್ಪ ಕೆಂಪನಂಜೇಗೌಡ, ಮಗ ಕೆಂಪೇಗೌಡ. ಹೆಸರು ಮನೆದೇವತೆ ಕೆಂಪಮ್ಮನಿಂದ ಬಂತು ಅನ್ನುವುದು ರೂಢಿಯ ಮಾತು. 1537ರಲ್ಲಿ ಊರು ಕಟ್ಟಿದವನ ಹೆಸರಲ್ಲಿ ಕೆಂಪಿದೆ. ವಿಮಾನ ನಿಲ್ದಾಣಕ್ಕೆ ಹೋಗುವವರು ಆ ಹೆಸರು ಹೇಳಿಯೇ ಟ್ಯಾಕ್ಸಿ ಹತ್ತಬೇಕು. ಅಲ್ಲಿ 2022ರ ನವೆಂಬರ್‌ನಲ್ಲಿ ನಿಲ್ಲಿಸಿದ 108 ಅಡಿಯ ಪ್ರತಿಮೆ ಕಂಚಿನದು. ಸಂಜೆ ಬಿಸಿಲಿಗೆ ಆ ಕಂಚು ಕೆಂಚಗೆ ಹೊಳೆಯುತ್ತದೆ. ನಾನು ಕಂಡಾಗೆಲ್ಲ ತಲೆಗೆ ಒಂದು ಸಲ ಕೈ ಹಾಕಿಕೊಂಡು ನಗುತ್ತೇನೆ.

ಶಿವನ ತಲೆಯೂ ಕೆಂಪೇ. ಕೆಂಜೆಡೆ ಅನ್ನುವ ಪದ ನಮ್ಮ ಹಳಗನ್ನಡದಿಂದ ವಚನದವರೆಗೆ ಅವನ ಗುರುತಿನ ಚೀಟಿ ಇದ್ದ ಹಾಗೆ. ಅಕ್ಕಮಹಾದೇವಿ ಒಂದು ವಚನದಲ್ಲಿ ತನ್ನ ಚೆನ್ನಮಲ್ಲಿಕಾರ್ಜುನನ ಚೆಲುವನ್ನು ಹೇಳಹೊರಟು ಕೆಂಜೆಡೆಯಿಂದಲೇ ಶುರುಮಾಡುತ್ತಾಳೆ. ಕೂದಲು ಕೆಂಪು ಅನ್ನುವುದು ಅವಳಿಗೆ ಕುಂದಾಗಿ ಕಾಣಲಿಲ್ಲ. ಅವಳು ಮರುಳಾದದ್ದೇ ಅಲ್ಲಿಂದ.

ಇನ್ನು ಮೈಬಣ್ಣದ ವಿಷಯ. ಹೆಣ್ಣು ನೋಡಿ ಬಂದವರು ನಮ್ಮ ಕಡೆ ಏನು ಹೇಳುತ್ತಾರೆ? "ಹುಡುಗಿ ಕೆಂಪಗವಳೆ." ಬೆಳ್ಳಗಿದ್ದಾಳೆ ಅಂತಲ್ಲ, ಕೆಂಪಗೆ. ಅದು ಮೆಚ್ಚುಗೆಯ ಮಾತು. ಆ ಮೆಚ್ಚುಗೆಯ ಒಳಗೆ ಕಪ್ಪು ಮೈಯವರಿಗೆ ಮಾಡುವ ಅನ್ಯಾಯ ಕೂತಿದೆ, ಅದು ಇನ್ನೊಂದು ದಿನದ ಭಾಷಣ. ಆದರೆ ಈ ಸೋಜಿಗ ನೋಡಿ: ಅದೇ ಕೆಂಪು ಕೆನ್ನೆ ದಾಟಿ ಹಣೆ ಹತ್ತಿ ಕೂದಲಿಗೆ ಬಂತು ಅಂದರೆ ಮುಖ ಸಿಂಡರಿಸುತ್ತಾರೆ. ಹಸು ಕೆಂದಾದರೆ ಲಕ್ಷಣ, ತಾವರೆ ಕೆಂದಾವರೆಯಾದರೆ ಕಾವ್ಯ, ತಲೆ ಕೆಂಪಾದರೆ ಮಾತ್ರ ಏನೋ ಐಬು.

ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಅಂತಾದಾಗ ಅಮ್ಮ ಒಂದು ವಾರ ಮೊದಲೇ ಸಿದ್ಧತೆ ಶುರುಮಾಡಿದಳು. ಗರುಗದ ಸೊಪ್ಪಿನ ರಸ ಎಣ್ಣೆಗೆ ಹಾಕಿ ಕಾಯಿಸಿದ್ದಾಯಿತು, ನೆಲ್ಲಿಕಾಯಿ ಅರೆದು ಮೆತ್ತಿದ್ದಾಯಿತು, ಸೀಗೆಪುಡಿಯಲ್ಲಿ ತಿಕ್ಕಿದ್ದಾಯಿತು. ಕೂದಲು ನುಣುಪಾಯಿತೇ ಹೊರತು ಕಪ್ಪಾಗಲಿಲ್ಲ. ಕೊನೆಗೆ ಆ ದಿನ ಬೆಳಿಗ್ಗೆ ಅಮ್ಮ ಧೈರ್ಯ ಮಾಡಿ ಹರಳೆಣ್ಣೆಯಲ್ಲಿ ಕಾಡಿಗೆ ಕಲಸಿ ಬೈತಲೆಯಿಂದ ಜಡೆಯ ಕುಚ್ಚಿನವರೆಗೆ ಬಳಿದಳು. ಏಪ್ರಿಲ್ ತಿಂಗಳು, ತಗಡಿನ ಮಾಡು. ಬಂದವರಿಗೆ ಉಪ್ಪಿಟ್ಟು ಕೊಟ್ಟು ನಾನು ಚಾಪೆಯ ಮೇಲೆ ಕೂತೆ. ಹತ್ತು ನಿಮಿಷಕ್ಕೆ ಬೆವರು ಇಳಿಯಿತು. ಬೆವರಿನ ಜೊತೆ ಕಾಡಿಗೆಯೂ ಇಳಿಯಿತು. ಕಿವಿಯ ಹಿಂದಿನಿಂದ ಕತ್ತಿಗೆ, ಕತ್ತಿನಿಂದ ಹಳದಿ ರವಿಕೆಗೆ. ಗಂಡಿನ ಸೋದರತ್ತೆ ತನ್ನ ಸೆರಗಿನ ತುದಿಯಿಂದ ನನ್ನ ಕೆನ್ನೆ ಒರೆಸಿ ಆ ಕರಿಯನ್ನು ಎಲ್ಲರಿಗೂ ತೋರಿಸಿದಳು. "ಹುಡುಗಿ ಕೆಂಪಗವಳೆ, ಸರಿ. ಕೂದ್ಲೂ ಕೆಂಪಗೈತಲ್ಲ, ಅದ್ಯಾಕೆ ಮುಚ್ಚಿಟ್ರಿ?"

ಆ ಸಂಬಂಧ ಆಗಲಿಲ್ಲ. ಕಪ್ಪಿನ ಜೊತೆ ನನ್ನ ಜಗಳ ಶುರುವಾದದ್ದು ಅಲ್ಲಿ.

ಮುಂದೆ ಟೀಚರ್ ಟ್ರೈನಿಂಗ್ ಮುಗಿಸಿ, ಮದುವೆಯೂ ಆಗಿ, ಓದುವ ಚಟ ಹತ್ತಿದ ಮೇಲೆ ಮನುಸ್ಮೃತಿಯ ಕನ್ನಡ ಅನುವಾದವೊಂದು ಕೈಗೆ ಬಂತು. ಮೂರನೆಯ ಅಧ್ಯಾಯದಲ್ಲಿ ಎಂಥ ಹುಡುಗಿಯನ್ನು ಮದುವೆಯಾಗಬಾರದು ಅನ್ನುವ ಪಟ್ಟಿ ಇದೆ. ಮೊದಲನೆಯವಳೇ ಕಪಿಲೆ. ಕಪಿಲ ಅಂದರೆ ಕೆಂಚು. ವ್ಯಾಖ್ಯಾನಕಾರರು ಅದನ್ನು ಕೂದಲಿಗೇ ಅನ್ವಯಿಸಿದ್ದಾರೆ. ಅದೇ ಸಾಲಿನಲ್ಲಿ ಹೆಚ್ಚು ಮಾತಾಡುವವಳೂ ಬರುತ್ತಾಳೆ. ಎರಡು ವಿಷಯದಲ್ಲೂ ನಾನು ಫೇಲು. ಅದರ ಮುಂದಿನ ಶ್ಲೋಕಕ್ಕೆ ಬಂದರೆ ನಕ್ಷತ್ರದ ಹೆಸರು, ಮರದ ಹೆಸರು, ಹೊಳೆಯ ಹೆಸರು ಇದ್ದವಳೂ ಬೇಡ. ಅಂದರೆ ನಮ್ಮ ನಾಡಿನ ಕಾವೇರಿ, ತುಂಗಾ, ರೋಹಿಣಿ, ರೇವತಿಯರೆಲ್ಲ ನನ್ನ ಜೊತೆಗೇ ಹೊರಗೆ. ಓದಿ ಎಷ್ಟೋ ನಿರಾಳವಾಯಿತು. ಒಂಟಿಯಾಗಿ ಹೊರಗೆ ನಿಲ್ಲುವುದು ಬೇರೆ, ಕಾವೇರಿಯ ಜೊತೆ ನಿಲ್ಲುವುದು ಬೇರೆ.

ಇದಕ್ಕಿಂತ ರುಚಿಯಾದ ಸಂಗತಿ ಇನ್ನೊಂದಿದೆ. ಪತಂಜಲಿ ತನ್ನ ಮಹಾಭಾಷ್ಯದಲ್ಲಿ, ಒಬ್ಬ ಬ್ರಾಹ್ಮಣನ ಗುರುತು ಯಾವುದು ಅಂತ ಜನ ಹೇಳುವುದನ್ನು ಎಣಿಸುವಾಗ ಗೌರವರ್ಣ, ಶುಚಿಯಾದ ನಡತೆ ಇವುಗಳ ಜೊತೆ ಕಪಿಲಕೇಶವನ್ನೂ ಸೇರಿಸುತ್ತಾನೆ. ಕೆಂಚುಗೂದಲು! ಗಂಡಸಿನ ತಲೆಯ ಮೇಲೆ ಅದು ಕುಲದ ಗುರುತು, ಹೆಂಗಸಿನ ತಲೆಯ ಮೇಲೆ ಮದುವೆಗೆ ಅಡ್ಡಿ. ಕೂದಲು ಒಂದೇ, ತಲೆ ಬೇರೆ. ನನ್ನ ಕೆನ್ನೆ ಒರೆಸಿದ ಆ ಹೆಂಗಸು ಮನುವನ್ನೂ ಓದಿರಲಿಲ್ಲ, ಪತಂಜಲಿಯನ್ನೂ ಓದಿರಲಿಲ್ಲ. ಆದರೂ ಅವಳಿಗೆ ತೀರ್ಪು ಗೊತ್ತಿತ್ತು.

ಹೊರದೇಶದಲ್ಲಿ ಇದು ಇನ್ನೂ ಜೋರು. ಯೂರೋಪಿನ ಹಳೆಯ ಚಿತ್ರಗಳಲ್ಲಿ ಏಸುವಿಗೆ ಮೋಸ ಮಾಡಿದ ಜೂಡಾಸನಿಗೆ ಎಷ್ಟೋ ಕಡೆ ಕೆಂಪು ಗಡ್ಡ ಬರೆದಿದ್ದಾರೆ. ನಮ್ಮ ಪಕ್ಕದ ಕಥಕಳಿಯಲ್ಲಿ ಬಕಾಸುರ, ದುಶ್ಶಾಸನರಿಗೆ ಕೆಂಪು ಗಡ್ಡದ ವೇಷ ಕಟ್ಟುತ್ತಾರಲ್ಲ, ಹಾಗೆ. ಕೆನಡಾದ ಲೂಸಿ ಮಾಂಟ್ಗೊಮೆರಿ 1908ರಲ್ಲಿ ಪ್ರಕಟಿಸಿದ 'ಆನ್ ಆಫ್ ಗ್ರೀನ್ ಗೇಬಲ್ಸ್' ಕಾದಂಬರಿಯ ಹುಡುಗಿ ಆನ್‌ಳದೂ ಕೆಂಗೂದಲು. ತರಗತಿಯ ಹುಡುಗನೊಬ್ಬ ಕ್ಯಾರೆಟ್ ಅಂತ ಕರೆದದ್ದಕ್ಕೆ ಅವನ ತಲೆಯ ಮೇಲೇ ಸ್ಲೇಟು ಒಡೆಯುತ್ತಾಳೆ. ಆಮೇಲೆ ಬೀದಿಯಲ್ಲಿ ಮಾರಲು ಬಂದವನಿಂದ ಕಪ್ಪು ಬಣ್ಣ ಕೊಂಡು ಗುಟ್ಟಾಗಿ ಹಚ್ಚಿಕೊಳ್ಳುತ್ತಾಳೆ, ಕೂದಲು ಹಸಿರಾಗುತ್ತದೆ. ಆ ಪುಟ ಓದುವಾಗ ನನ್ನ ಹಳದಿ ರವಿಕೆಯ ಬೆನ್ನು ನೆನಪಾಗಿ ಜೋರಾಗಿ ನಕ್ಕೆ. ಆಮೇಲೆ ಯಾಕೋ ಕಣ್ಣಲ್ಲಿ ನೀರು ಬಂತು.

ಹಾಗಂತ ಅಲ್ಲಿನ ಕೆಂಗೂದಲಿನವರು ಅಳುತ್ತಾ ಕೂರಲಿಲ್ಲ. 2005ರಲ್ಲಿ ನೆದರ್ಲೆಂಡ್ಸ್‌ನ ಆಸ್ಟನ್ ಎಂಬ ಊರಲ್ಲಿ ಬಾರ್ಟ್ ರೌವೆನ್‌ಹೋರ್ಸ್ಟ್ ಎಂಬ ಚಿತ್ರಕಾರ ಕೆಂಗೂದಲಿನ 15 ಹೆಂಗಸರ ಚಿತ್ರ ಬರೆಯಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಹಾಕಿದ. ನೂರೈವತ್ತು ಜನ ಮುಂದೆ ಬಂದರು. ಅಷ್ಟು ಜನರನ್ನು ಇಲ್ಲ ಅಂತ ಕಳಿಸುವುದು ಹೇಗೆ? ಅವರನ್ನೆಲ್ಲ ಒಂದು ಕಡೆ ಕೂಡಿಸಿದ. ಅದೇ ವರ್ಷವರ್ಷದ ಜಾತ್ರೆಯಾಯಿತು. 2013ರಲ್ಲಿ ಬ್ರೆಡಾ ಊರಿನಲ್ಲಿ 1,672 ಜನ ಹುಟ್ಟು ಕೆಂಗೂದಲಿನವರು ಒಟ್ಟಿಗೆ ನಿಂತು ದಾಖಲೆ ಮಾಡಿದರು. ಜೀವಮಾನವಿಡೀ ತರಗತಿಗೆ ಒಬ್ಬರೇ, ಬೀದಿಗೆ ಒಬ್ಬರೇ ಆಗಿದ್ದವರು ಅಲ್ಲಿ ಗುಂಪಿನಲ್ಲಿ ಕಳೆದುಹೋಗಿರಬೇಕು. ಅದೆಂಥ ಸುಖವೋ!

ಅವರ ಕೆಂಪು ಎಲ್ಲಿಂದ ಬರುತ್ತದೆ ಅಂತ ವಿಜ್ಞಾನಿಗಳು ಕಂಡುಕೊಂಡಿದ್ದು 1995ರಲ್ಲಿ. ಕೂದಲಿಗೆ ಬಣ್ಣ ಕೊಡುವ ದ್ರವ್ಯ ಎರಡು ಬಗೆ, ಒಂದು ಕಪ್ಪು-ಕಂದು, ಒಂದು ಕೆಂಪು-ಹಳದಿ. ಜೀವಕೋಶದ ಮೇಲಿರುವ ಒಂದು ಸ್ವಿಚ್ಚು ಒತ್ತಿದರೆ ಕಪ್ಪು ತಯಾರಾಗುತ್ತದೆ. ಆ ಸ್ವಿಚ್ಚಿನ ಜೀನು, ಎಂಸಿ1ಆರ್ ಅಂತ ಅದರ ಹೆಸರು, ಅಪ್ಪನಿಂದಲೂ ಅಮ್ಮನಿಂದಲೂ ಬದಲಾದ ರೂಪದಲ್ಲಿ ಬಂದರೆ ಕಪ್ಪಿನ ಕೆಲಸ ನಿಂತು ಕೆಂಪು ಮೇಲಾಗುತ್ತದೆ. ಅಂಥವರು ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ ಹೆಚ್ಚು. ನನ್ನದು ಆ ಬೆಂಕಿಕೆಂಪಲ್ಲ. ಅಪ್ಪನ ಕಡೆಯಿಂದ ಬಂದ ತಾಮ್ರದ ಕಂದು. ಸೀಮೆ ಬೇರೆಯಾದರೂ ಅನ್ನಿಸಿಕೊಂಡ ಮಾತು ಒಂದೇ.

ಈಗ ತಣಿಸಂದ್ರದ ಮುಖ್ಯರಸ್ತೆಗೆ ಬನ್ನಿ. ಇಲ್ಲಿ ಕೆಂಪು ತಲೆಗೇನೂ ಬರವಿಲ್ಲ. ಟೆಕ್ ಪಾರ್ಕಿಗೆ ಹೋಗುವ ಹುಡುಗಿಯರು ಸಲೂನಿನಲ್ಲಿ ಮೂರು ತಾಸು ಕೂತು, ಸಾವಿರಾರು ರೂಪಾಯಿ ಕೊಟ್ಟು ಕಾಪರ್, ಬರ್ಗಂಡಿ ಅಂತ ಮಾಡಿಸಿಕೊಂಡು ಬರುತ್ತಾರೆ. ಅವರ ಅಜ್ಜಿಯರು ನನ್ನನ್ನು ಕೆಂಚಿ ಅಂದವರೇ ಇರಬಹುದು. ನಾಗವಾರದ ಅರೇಬಿಕ್ ಕಾಲೇಜು ಸ್ಟಾಪಿನ ಸುತ್ತ ನೋಡಿದರೆ ಮೆಹಂದಿ ಹಚ್ಚಿದ ಕೆಂಪು ಗಡ್ಡದ ಹಿರಿಯರು. ನರೆಗೆ ಮೆಹಂದಿ ಹಚ್ಚುವುದು ಒಳ್ಳೆಯದೆಂದು ಪ್ರವಾದಿಗಳೇ ಹೇಳಿದ್ದಾರೆ ಅನ್ನುವುದು ಅವರ ನಂಬಿಕೆ. ಅಲ್ಲಿನ ಹಣ್ಣಿನ ಗಾಡಿಯ ಸಾಹೇಬರು ಒಮ್ಮೆ ನನ್ನ ತಲೆ ನೋಡಿ, "ಮೇಡಂ, ನಿಮ್ದು ಸೋಜತ್ ಮಾಲಾ?" ಅಂತ ಕೇಳಿದರು. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಮೆಹಂದಿಗೆ ಹೆಸರಾದ ಊರು. 2021ರಲ್ಲಿ ಅದಕ್ಕೆ ನಮ್ಮ ಮೈಸೂರು ಮಲ್ಲಿಗೆಯ ಹಾಗೆ ಜಿಐ ಗುರುತೂ ಸಿಕ್ಕಿದೆ. ಒಬ್ಬ ಗಂಡಸು ನನ್ನ ಕೂದಲನ್ನು ನೋಡಿ ನಗದೆ, ಮಾಲು ಯಾವುದು ಅಂತ ವ್ಯವಹಾರಸ್ಥನಂತೆ ಕೇಳಿದ್ದು ಅದೇ ಮೊದಲು. ಅರ್ಧ ಹುಟ್ಟು, ಅರ್ಧ ಸೋಜತ್ ಅಂದೆ. ಒಂದು ಕಿತ್ತಳೆ ಜಾಸ್ತಿ ಹಾಕಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಹಬ್ಬದ ಭಾಷಣವಾಗುತ್ತಿತ್ತು. ಆದರೆ ನನ್ನದೇ ಒಂದು ತಪ್ಪು ಹೇಳುವುದಿದೆ.

ನಮ್ಮ ಮನೆಯ ಹಿಂದೆ ಒಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಕೆಲಸಕ್ಕೆ ಬಂದವರು ಯಾದಗಿರಿ ಕಡೆಯವರು. ನೀಲಿ ತಗಡಿನ ಸಾಲು ಶೆಡ್ಡುಗಳು. ನಿವೃತ್ತಿಯಾದ ಮೇಲೆ ಸಂಜೆ ಹೊತ್ತು ಆ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಅಕ್ಕನ ಬಾಲ ಹಿಡಿದು ಒಂದು ಮಗು ಬರುತ್ತಿತ್ತು, ನಾಲ್ಕು ವರ್ಷದ ಹುಡುಗಿ. ತಲೆ ಪೂರಾ ಕೆಂಚು. ತೆಂಗಿನ ನಾರಿನ ಬಣ್ಣ. ಉಳಿದ ಮಕ್ಕಳು ಅವಳನ್ನು ಕರೆಯುತ್ತಿದ್ದ ಹೆಸರು ಕೇಳಿ ನನಗೆ ಐವತ್ತೈದು ವರ್ಷ ಹಿಂದಕ್ಕೆ ಹೋದ ಹಾಗಾಯಿತು: ಕೆಂಚಿ.

ಬಿಟ್ಟೇನೆಯೇ? ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲ್ಲ ಮಕ್ಕಳಿಗೂ ಪಾಠ ಮಾಡಿದೆ. ಶಿವನ ಕೆಂಜೆಡೆ ಹೇಳಿದೆ, ಕೆಂಪೇಗೌಡನನ್ನು ಹೇಳಿದೆ, ನನ್ನ ಜಡೆ ಬಿಚ್ಚಿ ತೋರಿಸಿದೆ. "ನಿಂದೂ ನಂದೂ ಒಂದೇ ಬಣ್ಣ ಕಣೆ, ನಾವಿಬ್ಬರೂ ಶಿವನ ಮನೆಯವರು" ಅಂದೆ. ಮಗು ಅಂದಿನಿಂದ ನನ್ನ ಪಕ್ಕದಲ್ಲೇ ಕೂರತೊಡಗಿತು. ಯಾರಾದರೂ ಕೆಂಚಿ ಅಂದರೆ ಗಲ್ಲ ಎತ್ತಿ ನೋಡುತ್ತಿತ್ತು. ನನಗೋ ಜೀವನ ಸಾರ್ಥಕವಾದ ಸಂತೋಷ.

ಒಂದು ದಿನ ಅಂಗನವಾಡಿ ಕಾರ್ಯಕರ್ತೆ ಆ ದಾರಿಯಲ್ಲಿ ಬಂದವರು ಮಗುವನ್ನು ನೋಡಿ ನಿಂತರು. ತಲೆ ಸವರಿದರು. ಒಂದೆರಡು ಕೂದಲು ಹಿಡಿದು ಮೆಲ್ಲಗೆ ಎಳೆದರು. ನೋವಿಲ್ಲದೆ ಕೈಗೆ ಬಂತು. ಪಾದದ ಮೇಲೆ ಬೆರಳು ಒತ್ತಿ ನೋಡಿದರು. ಚೀಲದಿಂದ ಪಟ್ಟಿ ತೆಗೆದು ಮಗುವಿನ ತೋಳಿಗೆ ಸುತ್ತಿದರು. ಆ ಪಟ್ಟಿಯಲ್ಲಿ ಮೂರು ಬಣ್ಣ: ಹನ್ನೆರಡೂವರೆ ಸೆಂಟಿಮೀಟರ್ ಮೇಲಿದ್ದರೆ ಹಸಿರು, ಅದಕ್ಕಿಂತ ಕಡಿಮೆಯಾದರೆ ಹಳದಿ, ಹನ್ನೊಂದೂವರೆಗಿಂತಲೂ ಇಳಿದರೆ ಕೆಂಪು. ಮಗುವಿನ ತೋಳು ಹಳದಿಯಲ್ಲಿ, ಕೆಂಪಿನ ಹತ್ತಿರ ನಿಂತಿತು.

"ಟೀಚರ್, ಇದು ನಿಮ್ಮ ಹಾಗೆ ಹುಟ್ಟುಬಣ್ಣ ಅಲ್ಲ" ಅಂದರು ಅವರು.

ತಾಯಿ ಎಂಟು ತಿಂಗಳ ಗಂಡುಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು. "ಹುಟ್ಟಿದಾಗ ಕರ್ರಗs ಇದ್ದುವ್ರೀ ಅಕ್ಕೋರೇ. ತಮ್ಮ ಹುಟ್ಟಿದ ಮ್ಯಾಲ ಹಿಂಗ ಆಗ್ಯಾವ." ಅನ್ನ, ಸಾರಿನ ತಿಳಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು, ಅಷ್ಟೇ ಆ ಮಗುವಿನ ಊಟ. ಬೇಳೆ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ.

ಮನೆಗೆ ಬಂದು ಪುಸ್ತಕ ತೆಗೆದೆ. ಜಮೈಕಾದಲ್ಲಿ ಹುಟ್ಟಿದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಈಗಿನ ಘಾನಾದಲ್ಲಿ, ಕೆಲಸ ಮಾಡುವಾಗ ಇಂಥ ಮಕ್ಕಳನ್ನು ಕಂಡರು. 1933ರಲ್ಲಿ ಆ ಕಾಯಿಲೆಯನ್ನು ವಿವರಿಸಿ ಬರೆದರು, 1935ರಲ್ಲಿ ಅದಕ್ಕೆ ಅಲ್ಲಿನ ತಾಯಂದಿರೇ ಹೇಳುತ್ತಿದ್ದ ಹೆಸರನ್ನು ಕೊಟ್ಟರು: ಕ್ವಾಶಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ಹಿಂದಿನ ಮಗುವಿಗೆ ಬರುವ ಕಾಯಿಲೆ ಅಂತ ಅದರ ಅರ್ಥ. ಗಾ ಭಾಷೆಯ ತಾಯಿ ಹೇಳಿದ್ದನ್ನೇ ಯಾದಗಿರಿಯ ತಾಯಿ ನನ್ನೆದುರು ಹೇಳಿದ್ದಳು. ಸತ್ವದ ಊಟ ಸಿಗದಿದ್ದರೆ ಮೈ ಮೊದಲು ಉಳಿತಾಯ ಮಾಡುವುದು ಇಂಥ ಕಡೆ. ಕೂದಲಿಗೆ ಕಪ್ಪು ಕಟ್ಟುವುದನ್ನು ಕೈಬಿಡುತ್ತದೆ. ಹೊಟ್ಟೆ ತುಂಬತೊಡಗಿದರೆ ಬುಡದಿಂದ ಮತ್ತೆ ಕಪ್ಪು ಬರುತ್ತದೆ. ಹಸಿವು-ಊಟ, ಹಸಿವು-ಊಟ ಅಂತ ಮಗು ಬೆಳೆದರೆ ಒಂದೇ ಎಳೆಯಲ್ಲಿ ಕೆಂಚು, ಕಪ್ಪು, ಕೆಂಚು ಪಟ್ಟೆ ಮೂಡುತ್ತದೆ. ವೈದ್ಯರು ಅದನ್ನು ಬಾವುಟದ ಗುರುತು ಅನ್ನುತ್ತಾರಂತೆ. ಹಸಿವಿಗೂ ಒಂದು ಬಾವುಟ.

ನಮ್ಮ ಹುಡುಗಿಗೆ ಪೂರ್ತಿ ಆ ಕಾಯಿಲೆ ಬಂದಿರಲಿಲ್ಲ, ದಾರಿಯಲ್ಲಿತ್ತು. ಕೆಂಚುಗೂದಲಿನ ಮಕ್ಕಳೆಲ್ಲ ಹೀಗೆ ಅಂತ ಗಾಬರಿಯಾಗಬೇಡಿ, ಕೆರೆಯಲ್ಲಿ ಈಜಿದವರ ವಿಷಯ ಆಗಲೇ ಹೇಳಿದ್ದೇನೆ. ಆದರೆ ನಾನು ಮಾಡಿದ್ದೇನು? ಹಸಿವಿನ ಬಣ್ಣಕ್ಕೆ ಶಿವನ ಹೆಸರಿಟ್ಟು ಮುದ್ದಾಡಿದೆ. ಕೆಂಚಿ ಅಂತ ನಗುವ ಮಕ್ಕಳು ಅವಳ ಕೂದಲನ್ನು ನೋಡಿದರು, ನಾನೂ ಕೂದಲನ್ನೇ ನೋಡಿದೆ. ತೋಳು ನೋಡಿದ್ದು ಕಾರ್ಯಕರ್ತೆ ಒಬ್ಬರೇ.

ಈ ಅಂಗನವಾಡಿಯ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ. ಇಷ್ಟು ವರ್ಷವಾಗಿ ಇದ್ದರೂ, ಊರು ಬಿಟ್ಟು ಊರಿಗೆ ಕೆಲಸಕ್ಕೆ ಬಂದವರಿಗೆ ತಮ್ಮ ಮಗುವಿಗೂ ಅಲ್ಲಿ ಜಾಗ ಉಂಟು ಅನ್ನುವುದು ತಿಳಿದಿರುವುದಿಲ್ಲ. ಆ ಕಾರ್ಯಕರ್ತೆ ಹುಡುಗಿಯ ಹೆಸರು ಬರೆದುಕೊಂಡು ಮಾರನೆಯ ದಿನದಿಂದ ಕರೆಸಿಕೊಂಡರು. ಹಾಲು, ಮೊಟ್ಟೆ, ಪುಷ್ಟಿ ಪುಡಿ. ನಾನು ಸಂಜೆ ಅಕ್ಷರದ ಜೊತೆ ಒಂದೊಂದು ಶೇಂಗಾ ಚಿಕ್ಕಿ ಹಂಚತೊಡಗಿದೆ. ಶಿವನ ಕಥೆಗೆ ಸ್ವಲ್ಪ ರಜೆ ಕೊಟ್ಟೆ.

ಐದಾರು ತಿಂಗಳು ಕಳೆದಿರಬೇಕು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಮಗುವಿನ ಬೈತಲೆಯ ಎರಡೂ ಕಡೆ ಮೂರು ಬೆರಳಗಲ ಕರಿ ಮಸಿಯಂಥ ಕೂದಲು, ಅದರ ಕೆಳಗೆ ಹಳೇ ಕೆಂಚು ಜೋತುಬಿದ್ದಿತ್ತು. ನಾನು ಒಳಗೊಳಗೇ ಹಿಗ್ಗಿದೆ. ಆದರೆ ಮಗು ಅಂದು ಸಪ್ಪಗೆ ಬಂದು ಪಕ್ಕದಲ್ಲಿ ಕೂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರಿಗೂ ಕೇಳಿಸದ ಹಾಗೆ ಹೇಳಿತು:

"ಅಕ್ಕೋರೇ, ನಂದು ಕೆಂಪು ಹೊಂಟದಲ್ರೀ."

ನನಗೆ ಮಾತು ಹೊರಡಲಿಲ್ಲ. ಬಗ್ಗಿ ನನ್ನ ಬೈತಲೆ ತೋರಿಸಿದೆ. ಮದರಂಗಿ ಹಚ್ಚಿ ಎರಡು ತಿಂಗಳಾಗಿತ್ತು, ಬುಡದಲ್ಲಿ ಬಿಳಿ ಎದ್ದು ಕಾಣುತ್ತಿತ್ತು. "ನಂದೂ ಹೊಂಟದ, ನೋಡು" ಅಂದೆ.

ಅವಳು ನನ್ನ ತಲೆ ಮುಟ್ಟಿದಳು. ತನ್ನದನ್ನು ಮುಟ್ಟಿಕೊಂಡಳು. ಮತ್ತೆ ನನ್ನದು. ಆಮೇಲೆ ಸ್ಲೇಟು ಎತ್ತಿಕೊಳ್ಳುತ್ತಾ, "ನಿಮ್ಮದು ಬೆಳ್ಳಗಾಗ್ತದ್ರೀ, ನಂದು ಕರ್ರಗಾಗ್ತದ" ಅಂದಳು.